ದಳಪತಿಯ ಲೇಖನಿ

ನಮ್ಮ ನಾಡಿನಲ್ಲಿ ಹೆಣ್ಣೊಬ್ಬಳ ಮೇಲೆ ಅತ್ಯಾಚಾರ ನಡೆದರೆ ಆಕೆಯ ದೂರು ಹಾದುಹೋಗಬೇಕಾದ ಬಾಗಿಲುಗಳು ಹಲವು. ಠಾಣೆಯಲ್ಲಿ ದೂರು ಬರೆದುಕೊಳ್ಳುವವನು ಒಬ್ಬ, ತನಿಖೆ ನಡೆಸುವವನು ಮತ್ತೊಬ್ಬ, ನ್ಯಾಯಾಲಯದಲ್ಲಿ ವಾದಿಸುವ ಸರ್ಕಾರಿ ವಕೀಲ ಇನ್ನೊಬ್ಬ, ತೀರ್ಪು ಕೊಡುವ ನ್ಯಾಯಾಧೀಶ ಬೇರೊಬ್ಬ. ಈ ಬಾಗಿಲುಗಳಲ್ಲಿ ಎಷ್ಟು ತೆರೆಯುತ್ತವೆ, ಎಷ್ಟು ಮುಚ್ಚಿಯೇ ಇರುತ್ತವೆ ಎಂಬುದು ಬೇರೆ ಮಾತು. ಒಬ್ಬನು ಮುಚ್ಚಿದ್ದನ್ನು ಇನ್ನೊಬ್ಬನು ತೆರೆಯುವ ಸಾಧ್ಯತೆಯಾದರೂ ಅಲ್ಲಿ ಉಂಟು. ಸೈನ್ಯದೊಳಗೆ ಬಹುಕಾಲ ಹೀಗಿರಲಿಲ್ಲ. ಅಲ್ಲಿ ದೂರು ಕೊಟ್ಟವಳಿಗೂ ದೂರಿಗೆ ಗುರಿಯಾದವನಿಗೂ ಅಧಿಕಾರಿ ಒಬ್ಬನೇ. ತನಿಖೆಯ ವರದಿ ಬರುವುದು ಅವನ ಮೇಜಿಗೆ. ವಿಚಾರಣೆ ನಡೆಯಬೇಕೇ ಬೇಡವೇ ಎಂದು ಬರೆಯುವುದು ಅವನ ಲೇಖನಿ. ವಿಚಾರಣೆ ಮಾಡುವ ಮಂಡಳಿಯ ಸದಸ್ಯರನ್ನು ಆರಿಸುವವನು ಅವನೇ. ಕೊನೆಗೆ ಬಂದ ತೀರ್ಪನ್ನು ಒಪ್ಪುವವನೂ ಅಳಿಸುವವನೂ ಅವನೇ. ಅವನಿಗೆ ಇಂಗ್ಲಿಷಿನಲ್ಲಿ ಕಮಾಂಡರ್ ಎನ್ನುತ್ತಾರೆ. ನಾನು ಇಲ್ಲಿ ದಳಪತಿ ಎಂದು ಕರೆಯುತ್ತೇನೆ.

ಸೇನೆಯು ತನ್ನವರ ಮೇಲೆ ತನ್ನವರೇ ನಡೆಸುವ ಲೈಂಗಿಕ ಅತ್ಯಾಚಾರವನ್ನು ಹೇಗೆ ನಿಭಾಯಿಸಿದೆ ಎಂಬ ಪ್ರಶ್ನೆಯನ್ನು ನಾನು ಈ ಒಂದು ಲೇಖನಿಯ ಚರಿತ್ರೆಯಾಗಿ ನೋಡಬಯಸುತ್ತೇನೆ. ಉದಾಹರಣೆಗೆ ಆರಿಸಿಕೊಂಡಿರುವುದು ಅಮೆರಿಕದ ಸೈನ್ಯವನ್ನು. ಅಲ್ಲಿ ಮಾತ್ರ ಈ ಪಿಡುಗು ಉಂಟೆಂದಲ್ಲ. ಅಲ್ಲಿನ ಕಡತಗಳು ಬಯಲಿಗೆ ಬಂದಿವೆ, ಶಾಸನಸಭೆಯ ವಿಚಾರಣೆಗಳು ಅಚ್ಚಾಗಿವೆ, ಸೋತವರೂ ಗೆದ್ದವರೂ ತಮ್ಮ ವಾದವನ್ನು ಬರೆದಿಟ್ಟಿದ್ದಾರೆ. ಮೌನವಾಗಿರುವ ಸೈನ್ಯಗಳನ್ನು ನಿರ್ದೋಷಿಗಳೆಂದು ಎಣಿಸುವುದು ಇತಿಹಾಸಕಾರನಿಗೆ ತಕ್ಕ ಮಾತಲ್ಲ.

1775ರ ಜೂನ್ ತಿಂಗಳಲ್ಲಿ ಅಮೆರಿಕದ ವಸಾಹತುಗಳ ಪ್ರತಿನಿಧಿಗಳು ತಮ್ಮ ಹೊಸ ಸೈನ್ಯಕ್ಕೆ ಯುದ್ಧನಿಯಮಗಳನ್ನು ಅಂಗೀಕರಿಸಿದರು. ಯಾವ ದೊರೆಯ ವಿರುದ್ಧ ಬಂಡೆದ್ದಿದ್ದರೋ ಆ ದೊರೆಯ ಸೈನ್ಯದ ನಿಯಮಗಳನ್ನೇ ಬಹುಮಟ್ಟಿಗೆ ನಕಲು ಮಾಡಿಕೊಂಡದ್ದು ಚರಿತ್ರೆಯ ವಿನೋದಗಳಲ್ಲಿ ಒಂದು. ಆ ನಿಯಮಗಳ ಕಣ್ಣಿದ್ದದ್ದು ಪಲಾಯನ, ಬಂಡಾಯ, ಕಾವಲಿನಲ್ಲಿ ನಿದ್ರೆ ಮುಂತಾದ ಅಪರಾಧಗಳ ಮೇಲೆ. ಶತ್ರು ಎದುರಿಗಿರುವಾಗ ವಕೀಲರನ್ನು ಹುಡುಕಿಕೊಂಡು ಹೋಗುವಂತಿಲ್ಲ. ಆಜ್ಞೆ ಮಾಡುವವನಿಗೇ ದಂಡಿಸುವ ಅಧಿಕಾರವೂ ಇರಬೇಕೆಂಬುದು ಅಂದಿನ ತರ್ಕ. ಅದರಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಆದರೆ ಕಾವಲುಗಾರನ ನಿದ್ರೆಗೆಂದು ಹೊಲಿದ ಅಂಗಿಯನ್ನೇ ಮುಂದೆ ಎಲ್ಲ ಅಪರಾಧಗಳಿಗೂ ತೊಡಿಸಲಾಯಿತು.

ಎರಡನೆಯ ಮಹಾಯುದ್ಧ ಮುಗಿದು ಮನೆಗೆ ಮರಳಿದ ಲಕ್ಷಾಂತರ ಅಮೆರಿಕನ್ ಸೈನಿಕರು ಈ ಸೈನಿಕ ನ್ಯಾಯದ ರುಚಿಯನ್ನು ಕಂಡಿದ್ದರು. ದಳಪತಿಗಳು ಮನಬಂದಂತೆ ಶಿಕ್ಷೆ ವಿಧಿಸಿದರು, ತಮಗೆ ಬೇಕಾದ ತೀರ್ಪನ್ನು ಮಂಡಳಿಗೆ ಮೊದಲೇ ಸೂಚಿಸಿದರು ಎಂಬ ದೂರುಗಳು ದೇಶದ ತುಂಬ ಎದ್ದವು. ಆ ಲೇಖನಿ ಯಾವಾಗಲೂ ಮೃದುವಾಗಿತ್ತೆಂದು ತಿಳಿಯಬಾರದು. 1944-45ರಲ್ಲಿ ಫ್ರಾನ್ಸಿನಲ್ಲಿ ಅತ್ಯಾಚಾರದ ಅಪರಾಧಕ್ಕಾಗಿ ಅಮೆರಿಕದ ಸೇನೆ 29 ಸೈನಿಕರನ್ನು ಬಹಿರಂಗವಾಗಿ ಗಲ್ಲಿಗೇರಿಸಿತು. ಅವರಲ್ಲಿ 25 ಮಂದಿ ಕಪ್ಪುಜನ. ಸೈನ್ಯದಲ್ಲಿ ಕಪ್ಪು ಸೈನಿಕರ ಪಾಲು ಹತ್ತರಲ್ಲಿ ಒಂದರ ಆಸುಪಾಸಿನಲ್ಲಿದ್ದಾಗಿನ ಸಂಗತಿ ಇದು. ಒಬ್ಬನ ವಿಷಯದಲ್ಲಿ ಕಣ್ಣು ಮುಚ್ಚುವ ಅಧಿಕಾರವೂ ಇನ್ನೊಬ್ಬನ ಕೊರಳಿಗೆ ಹಗ್ಗ ಬಿಗಿಯುವ ಅಧಿಕಾರವೂ ಒಂದೇ ಕೈಯಲ್ಲಿತ್ತು.

ಈ ಅಸಮಾಧಾನದ ಫಲವಾಗಿ ಹಾರ್ವರ್ಡಿನ ಕಾನೂನು ಪ್ರಾಧ್ಯಾಪಕ ಎಡ್ಮಂಡ್ ಮಾರ್ಗನ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕುಳಿತು ಭೂದಳ, ನೌಕಾದಳ, ವಾಯುದಳ ಮೂರಕ್ಕೂ ಒಂದೇ ಸಂಹಿತೆಯನ್ನು ಸಿದ್ಧಪಡಿಸಿತು. 1950ರ ಮೇ 5ರಂದು ಅಧ್ಯಕ್ಷ ಟ್ರೂಮನ್ ಅದಕ್ಕೆ ಸಹಿ ಹಾಕಿದರು. ಆರೋಪಿಗೆ ವಕೀಲ ದೊರೆತ. ಮೇಲ್ಮನವಿಗೆ ನಾಗರಿಕ ನ್ಯಾಯಾಧೀಶರ ಪೀಠ ಬಂತು. ದಳಪತಿ ನ್ಯಾಯಮಂಡಳಿಯ ಮೇಲೆ ಅಕ್ರಮ ಪ್ರಭಾವ ಬೀರುವುದು ನಿಷಿದ್ಧವಾಯಿತು. ಆದರೆ ಲೇಖನಿ ಮಾತ್ರ ಕೈ ಬದಲಾಯಿಸಲಿಲ್ಲ. ಸದಸ್ಯರನ್ನು ಆರಿಸುವ, ಆರೋಪವನ್ನು ವಿಚಾರಣೆಗೆ ಒಪ್ಪಿಸುವ, ತೀರ್ಪನ್ನು ರದ್ದುಪಡಿಸುವ ಅಧಿಕಾರಗಳು ದಳಪತಿಯಲ್ಲೇ ಉಳಿದವು.

ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಫೆರೆಸ್ ಮೊಕದ್ದಮೆಯ ತೀರ್ಪನ್ನು ಕೊಟ್ಟಿತು. ಸೇವೆಯ ಸಂಬಂಧದಲ್ಲಿ ಆದ ಹಾನಿಗಾಗಿ ಸೈನಿಕನು ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ ಎಂಬುದು ಅದರ ಸಾರ. ಆ ತೀರ್ಪಿಗೆ ಒಳಪಟ್ಟ ಮೂರು ಪ್ರಕರಣಗಳಲ್ಲಿ ಒಂದು ವಿಲಕ್ಷಣವಾದುದು: ಶಸ್ತ್ರಚಿಕಿತ್ಸೆಯಾದ ಎಷ್ಟೋ ತಿಂಗಳ ಮೇಲೆ ಸೈನಿಕನೊಬ್ಬನ ಹೊಟ್ಟೆಯೊಳಗಿಂದ 30 ಅಂಗುಲ ಉದ್ದದ, ಸೇನೆಯ ವೈದ್ಯಕೀಯ ಇಲಾಖೆಯ ಮುದ್ರೆಯಿದ್ದ ಟವೆಲ್ ಹೊರಬಂದಿತ್ತು. ಅವನಿಗೂ ಪರಿಹಾರ ಕೇಳುವ ಹಕ್ಕಿಲ್ಲವೆಂದಾಯಿತು. ಟವೆಲಿಗೂ ಅತ್ಯಾಚಾರಕ್ಕೂ ಏನು ಸಂಬಂಧವೆಂದು ಕೇಳುಗರು ಕೇಳಬಹುದು. ಮುಂದೆ ದಶಕಗಳ ಕಾಲ, ಸಹಸೈನಿಕನಿಂದ ಅತ್ಯಾಚಾರಕ್ಕೊಳಗಾದವರು ಸಿವಿಲ್ ನ್ಯಾಯಾಲಯದ ಮೆಟ್ಟಿಲೇರಿದಾಗ, ಅದು ಕೂಡ ಸೇವೆಯ ಸಂಬಂಧದಲ್ಲಿ ಆದ ಹಾನಿಯೆಂಬ ಉತ್ತರವೇ ಮತ್ತೆ ಮತ್ತೆ ದೊರಕಿತು. ಒಳಗಿನ ಬಾಗಿಲಿನಲ್ಲಿ ದಳಪತಿ, ಹೊರಗಿನ ಬಾಗಿಲಿನಲ್ಲಿ ಫೆರೆಸ್.

ಇಷ್ಟರಲ್ಲಿ ಸೈನ್ಯದ ರೂಪ ಬದಲಾಗುತ್ತಿತ್ತು. 1948ರ ಶಾಸನ ಸ್ತ್ರೀಯರಿಗೆ ಖಾಯಂ ಸೇನೆಯಲ್ಲಿ ಸ್ಥಾನ ಕೊಟ್ಟಿತಾದರೂ ಅವರ ಸಂಖ್ಯೆ ನೂರಕ್ಕೆ ಎರಡನ್ನು ಮೀರಬಾರದೆಂದು ಗೆರೆ ಎಳೆದಿತ್ತು. ಆ ಗೆರೆ ಅಳಿಸಿದ್ದು 1967ರಲ್ಲಿ. 1973ರಲ್ಲಿ ಕಡ್ಡಾಯ ಭರ್ತಿ ನಿಂತಿತು. 1976ರಲ್ಲಿ ಸೈನಿಕ ಅಕಾಡೆಮಿಗಳು ಹೆಣ್ಣುಮಕ್ಕಳಿಗೆ ತೆರೆದವು. ಸಂಹಿತೆಯ ಪುಸ್ತಕದಲ್ಲಿ ಮಾತ್ರ ಅತ್ಯಾಚಾರವೆಂದರೆ ತನ್ನ ಹೆಂಡತಿಯಲ್ಲದ ಸ್ತ್ರೀಯ ಮೇಲೆ ಪುರುಷನು ಮಾಡುವ ಬಲಾತ್ಕಾರವೆಂಬ ವ್ಯಾಖ್ಯೆಯೇ 1992ರವರೆಗೆ ಇತ್ತು. ಗಂಡಸಿನ ಮೇಲೂ ಅತ್ಯಾಚಾರ ನಡೆದೀತು ಎಂಬುದನ್ನು ಆ ವಿಧಿ ಕಂಡಿರಲಿಲ್ಲ.

ಇನ್ನು ಲಾಸ್ ವೇಗಸ್ಸಿನ ಪ್ರಕರಣ. ಟೇಲ್‌ಹುಕ್ ಎಂಬುದು ನೌಕಾದಳದ ವಿಮಾನ ಚಾಲಕರ ಸಂಘ. 1991ರ ಸೆಪ್ಟೆಂಬರಿನಲ್ಲಿ ಅದರ ವಾರ್ಷಿಕ ಸಮಾವೇಶ ಆ ನಗರದ ಹಿಲ್ಟನ್ ಹೋಟೆಲಿನಲ್ಲಿ ನಡೆಯಿತು. ಅದೇ ವರ್ಷದ ಮೊದಲಲ್ಲಿ ಕೊಲ್ಲಿ ಯುದ್ಧ ಗೆದ್ದು ಬಂದ ಉತ್ಸಾಹ ಬೇರೆ. ಮೂರನೆಯ ಮಹಡಿಯ ಓಣಿಯ ಎರಡೂ ಬದಿಗೆ ಸಾಲಾಗಿ ನಿಂತ ಅಧಿಕಾರಿಗಳು ಆ ದಾರಿಯಾಗಿ ಬಂದ ಹೆಂಗಸರನ್ನು ನಡುವೆ ತಳ್ಳಿ, ಹಿಡಿದೆಳೆದು, ಮೈಮೇಲೆ ಕೈಮಾಡಿದರು. ಹಾಗೆ ಸಿಕ್ಕಿಬಿದ್ದವರಲ್ಲಿ ಪೌಲಾ ಕಾಫ್ಲಿನ್ ಒಬ್ಬರು. ಆಕೆ ನೌಕಾದಳದ ಲೆಫ್ಟಿನೆಂಟ್, ಹೆಲಿಕಾಪ್ಟರ್ ಚಾಲಕಿ, ಅಡ್ಮಿರಲ್ ಒಬ್ಬರ ಆಪ್ತ ಸಹಾಯಕಿ. ಮರುದಿನವೇ ತಮ್ಮ ಅಡ್ಮಿರಲಿಗೆ ತಿಳಿಸಿದರು. ಅಲ್ಲಿ ವಿಷಯ ಮಂದಗತಿಯಲ್ಲಿ ಸಾಗಿತು.

ನೌಕಾದಳದ ತನಿಖಾ ವಿಭಾಗ ಸಾವಿರಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಿ, ಬೆರಳೆಣಿಕೆಗೂ ಸಾಲದಷ್ಟು ಶಂಕಿತರನ್ನು ಮಾತ್ರ ಹೆಸರಿಸಿತು. ಕಂಡವರೆಲ್ಲ ಕಾಣದವರಾಗಿದ್ದರು. 1992ರ ಜೂನಿನಲ್ಲಿ ಕಾಫ್ಲಿನ್ ತಮ್ಮ ಹೆಸರು, ಮುಖ ಎರಡನ್ನೂ ಮರೆಮಾಡದೆ ಪತ್ರಿಕೆಯ ಮುಂದೆಯೂ ದೂರದರ್ಶನದ ಮುಂದೆಯೂ ಬಂದ ಕೆಲವೇ ದಿನಗಳಲ್ಲಿ ನೌಕಾ ಕಾರ್ಯದರ್ಶಿ ಗ್ಯಾರೆಟ್ ರಾಜೀನಾಮೆ ಕೊಟ್ಟರು. ರಕ್ಷಣಾ ಇಲಾಖೆಯ ಮಹಾ ತಪಾಸಣಾಧಿಕಾರಿ ಹೊಸದಾಗಿ ತನಿಖೆ ನಡೆಸಿ 1993ರ ಏಪ್ರಿಲಿನಲ್ಲಿ ವರದಿ ಕೊಟ್ಟರು: 83 ಹೆಂಗಸರು, 7 ಗಂಡಸರು ಆ ಸಮಾವೇಶದಲ್ಲಿ ಹಲ್ಲೆಗೊಳಗಾಗಿದ್ದರು. ಸುಮಾರು 140 ಅಧಿಕಾರಿಗಳ ಕಡತಗಳು ಮುಂದಿನ ಕ್ರಮಕ್ಕೆ ಹೋದವು. ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾದದ್ದು ಯಾರಿಗೂ ಇಲ್ಲ.

ಏಕೆ ಇಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ. 1994ರ ಫೆಬ್ರವರಿಯಲ್ಲಿ ಸೇನಾ ನ್ಯಾಯಾಧೀಶ ಕ್ಯಾಪ್ಟನ್ ವಿಲಿಯಂ ವೆಸ್ಟ್ ಉಳಿದಿದ್ದ ಮೊಕದ್ದಮೆಗಳನ್ನು ವಜಾ ಮಾಡಿದರು. ನೌಕಾದಳದ ಮುಖ್ಯಸ್ಥ ಅಡ್ಮಿರಲ್ ಕೆಲ್ಸೋ ತಾವೇ ಆ ಸಮಾವೇಶದಲ್ಲಿದ್ದು ಅನುಚಿತ ವರ್ತನೆಯನ್ನು ಕಂಡಿದ್ದರು, ಬಳಿಕ ತಮ್ಮ ಸ್ಥಾನಬಲದಿಂದ ತನಿಖೆಯನ್ನು ತಮಗೆ ತಾಗದಂತೆ ತಿರುಗಿಸಿದರು, ಆದ್ದರಿಂದ ದಳಪತಿಯ ಅಕ್ರಮ ಪ್ರಭಾವದಿಂದ ಇಡೀ ಪ್ರಕ್ರಿಯೆ ಕೆಟ್ಟಿದೆ ಎಂಬುದು ಅವರ ನಿರ್ಣಯ. ಕೆಲ್ಸೋ ಅದನ್ನು ಅಲ್ಲಗಳೆದರು. ಅವರು ನಾಲ್ಕು ನಕ್ಷತ್ರಗಳ ದರ್ಜೆಯಲ್ಲೇ ನಿವೃತ್ತರಾಗಲು ಸೆನೆಟ್ 43ಕ್ಕೆ ಎದುರಾಗಿ 54 ಮತಗಳಿಂದ ಒಪ್ಪಿಗೆ ಕೊಟ್ಟಿತು. ಆರೋಪಿಗಳನ್ನು ದಳಪತಿಯ ದಬ್ಬಾಳಿಕೆಯಿಂದ ಕಾಪಾಡಲೆಂದು 1950ರಲ್ಲಿ ಇಟ್ಟ ನಿಷೇಧ ಇಲ್ಲಿ ಆರೋಪಿಗಳನ್ನು ಬಿಡಿಸಿತು. ದೂರುದಾರರು ಬರಿಗೈಯಲ್ಲಿ ಉಳಿದರು. ಮೊದಲು ದಳಪತಿಗಳು ಏನನ್ನೂ ಮಾಡದೆ ಮೊಕದ್ದಮೆಯನ್ನು ಕೆಡಿಸಿದರು, ಆಮೇಲೆ ಕೈಹಾಕಿ ಕೆಡಿಸಿದರು. ಕಾಫ್ಲಿನ್ ಆ ವರ್ಷ ನೌಕಾದಳವನ್ನು ಬಿಟ್ಟರು. ಸಿವಿಲ್ ನ್ಯಾಯಾಲಯದ ಪಂಚರು ಆಕೆಗೆ ಲಕ್ಷಾಂತರ ಡಾಲರುಗಳ ಪರಿಹಾರ ಕೊಡಿಸಿದರು. ಕೊಡಬೇಕಾದವರು ಯಾರು ಬಲ್ಲಿರಾ? ಸಾಕಷ್ಟು ಕಾವಲು ಇಡದ ಹೋಟೆಲಿನವರು.

1996ರಲ್ಲಿ ಮೇರಿಲೆಂಡಿನ ಅಬರ್‌ಡೀನ್ ತರಬೇತಿ ಕೇಂದ್ರದ ಹಗರಣ ಬಯಲಾಯಿತು. ಅಲ್ಲಿ ಆರೋಪಕ್ಕೊಳಗಾದ ಹನ್ನೆರಡು ಮಂದಿಯಲ್ಲಿ ಹೆಚ್ಚಿನವರು ಕವಾಯತು ಕಲಿಸುವ ಸಾರ್ಜೆಂಟರು; ದೂರಿತ್ತವರು ಅವರ ಕೈಕೆಳಗೆ ತರಬೇತಿ ಪಡೆಯುತ್ತಿದ್ದ ಹುಡುಗಿಯರು. ಬೇಲಿಯೇ ಎದ್ದು ಹೊಲ ಮೇಯ್ದ ಪರಿ. ಈ ಸಲ ಶಿಕ್ಷೆಗಳಾದವು, ಒಬ್ಬನಿಗೆ 25 ವರ್ಷ. 2003ರಲ್ಲಿ ಕೊಲೊರಾಡೋದ ವಾಯುದಳ ಅಕಾಡೆಮಿಯ ಸರದಿ. ಪ್ರತಿ ಹಗರಣಕ್ಕೂ ಒಂದು ಸಮಿತಿ, ಪ್ರತಿ ಸಮಿತಿಗೂ ಒಂದು ವರದಿ, ಪ್ರತಿ ವರದಿಯ ಬಳಿಕವೂ ಕಿಂಚಿತ್ತೂ ಸಹಿಸೆವು ಎಂಬ ಘೋಷಣೆ. ಲೇಖನಿಯ ಮಾತನ್ನು ಎತ್ತಿದವರು ವಿರಳ. 2005ರಲ್ಲಿ ಬಂದ ಒಂದು ವ್ಯವಸ್ಥೆ ಮಾತ್ರ ಗಮನಾರ್ಹ. ಬಾಧಿತರು ತನಿಖೆಗೆ ಒಪ್ಪಿಸದೆ, ದಳಪತಿಗೆ ಹೆಸರು ತಿಳಿಯದಂತೆ, ಗುಟ್ಟಾಗಿ ವೈದ್ಯಕೀಯ ನೆರವು ಪಡೆಯುವ ಅವಕಾಶ ಅದು. ನನ್ನ ದೃಷ್ಟಿಯಲ್ಲಿ ಅದೊಂದು ಪರೋಕ್ಷ ತಪ್ಪೊಪ್ಪಿಗೆ: ಸೈನಿಕರು ತಮ್ಮ ದಳಪತಿಗೆ ಹೇಳಲು ಹೆದರುತ್ತಾರೆಂಬುದನ್ನು ಸೇನೆ ನಿಯಮದ ರೂಪದಲ್ಲೇ ಬರೆದುಕೊಟ್ಟಿತು.

ಆ ಹೆದರಿಕೆಯ ಅಳತೆ ರಕ್ಷಣಾ ಇಲಾಖೆಯ ಸ್ವಂತ ಅಂಕಿಗಳಲ್ಲೇ ಇದೆ. 2012ರಲ್ಲಿ ಸುಮಾರು 26,000 ಸೈನಿಕರು ಲೈಂಗಿಕ ಹಲ್ಲೆಗೆ ಒಳಗಾಗಿದ್ದರೆಂದು ಸಮೀಕ್ಷೆಯ ಅಂದಾಜು. ಬಂದ ದೂರುಗಳು 3,374. ಆ 26,000ದಲ್ಲಿ ಅರ್ಧಕ್ಕಿಂತ ಹೆಚ್ಚು, ಎಂದರೆ 14,000ದ ಹತ್ತಿರ, ಗಂಡಸರು. ಪ್ರಮಾಣದಲ್ಲಿ ಸ್ತ್ರೀಯರ ಪಾಡು ಎಷ್ಟೋ ಹೀನವಾದರೂ ಸೈನ್ಯದಲ್ಲಿ ಗಂಡಸರೇ ಬಹುಸಂಖ್ಯಾತರಾದ್ದರಿಂದ ಲೆಕ್ಕ ಹೀಗಾಯಿತು. ದೂರಿತ್ತ ಸ್ತ್ರೀಯರಲ್ಲಿ ನೂರಕ್ಕೆ 62 ಮಂದಿ ತಮಗೆ ಒಂದಿಲ್ಲೊಂದು ಬಗೆಯ ಪ್ರತೀಕಾರ ಎದುರಾಯಿತೆಂದರು. ಸೈನ್ಯದ ಹೆಣ್ಣುಮಕ್ಕಳನ್ನು ದೂರವಿಟ್ಟರೆ ಸಮಸ್ಯೆ ತೀರಿತೆಂದು ಹೇಳುವವರು ಆ ಹದಿನಾಲ್ಕು ಸಾವಿರಕ್ಕೆ ಏನು ಉತ್ತರ ಕೊಡುವರೋ ತಿಳಿಯದು.

2012ರ ವಸಂತದಲ್ಲಿ ರಕ್ಷಣಾ ಕಾರ್ಯದರ್ಶಿ ಲಿಯಾನ್ ಪನೆಟ್ಟಾ ಈ ವಿಷಯವನ್ನೇ ಕುರಿತ ಒಂದು ಸಾಕ್ಷ್ಯಚಿತ್ರವನ್ನು ನೋಡಿದರು. ಎರಡು ದಿನಗಳಲ್ಲಿ ಅವರು ಆಜ್ಞೆ ಹೊರಡಿಸಿ, ಇಂಥ ದೂರುಗಳ ಮೊದಲ ನಿರ್ಧಾರವನ್ನು ಕಿರಿಯ ದಳಪತಿಗಳಿಂದ ತೆಗೆದು ಕರ್ನಲ್ ದರ್ಜೆಯವರಿಗೆ ಕೊಟ್ಟರು. ಲೇಖನಿ ಒಂದೆರಡು ಮೆಟ್ಟಿಲು ಮೇಲೇರಿತು, ಅಷ್ಟೆ. ಮೇಲೇರಿದ ಲೇಖನಿಯಾದರೂ ನಂಬಿಕೆಗೆ ಅರ್ಹವೇ? ಮರುವರ್ಷವೇ ಪರೀಕ್ಷೆ ಬಂತು. ಇಟಲಿಯ ಅವಿಯಾನೋ ವಾಯುನೆಲೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಒಬ್ಬನನ್ನು ಲೈಂಗಿಕ ಹಲ್ಲೆಯ ಅಪರಾಧಿಯೆಂದು ಸೇನಾ ನ್ಯಾಯಮಂಡಳಿ ನಿರ್ಣಯಿಸಿತ್ತು. ದೂರಿತ್ತಾಕೆ ನಾಗರಿಕ ಮಹಿಳೆ. ಆದರೆ ಕಾನೂನು ಸೈನ್ಯದ್ದೇ. 2013ರ ಫೆಬ್ರವರಿಯಲ್ಲಿ ಲೆಫ್ಟಿನೆಂಟ್ ಜನರಲ್ ಕ್ರೇಗ್ ಫ್ರ್ಯಾಂಕ್ಲಿನ್ ಆ ತೀರ್ಪನ್ನು ಅಳಿಸಿಹಾಕಿದರು. ಸಾಕ್ಷಿಗಳನ್ನು ಮಂಡಳಿ ಕಣ್ಣಾರೆ ಕಂಡು ಕಿವಿಯಾರೆ ಕೇಳಿತ್ತು. ಜನರಲ್ ಓದಿದ್ದು ಕಾಗದಗಳನ್ನು. ಅಪರಾಧ ಸಂದೇಹಾತೀತವಾಗಿ ರುಜುವಾತಾಗಿಲ್ಲವೆಂದು ಅವರಿಗೆ ತೋರಿತು, ಅದು ಸಾಕಾಯಿತು. ಕಾನೂನನ್ನು ಅವರು ಮೀರಿರಲಿಲ್ಲ, ಕಾನೂನೇ ಹಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಶಾಸನಸಭೆ ಗಂಭೀರ ಅಪರಾಧಗಳ ಮಟ್ಟಿಗೆ ತೀರ್ಪು ಅಳಿಸುವ ಈ ಅಧಿಕಾರವನ್ನು ಕಿತ್ತುಕೊಂಡಿತು.

ಅದೇ 2013ರಲ್ಲಿ ಅಧ್ಯಕ್ಷ ಒಬಾಮ, ಇಂಥ ಅಪರಾಧಿಗಳನ್ನು ಅವಮಾನಕರವಾಗಿ ಸೇನೆಯಿಂದ ಹೊರದಬ್ಬಬೇಕೆಂದು ಕೋಪದಿಂದ ಒಂದು ಮಾತಾಡಿದರು. ಅಧ್ಯಕ್ಷನೆಂದರೆ ಸೇನೆಗಳ ಮಹಾದಂಡನಾಯಕ. ಹವಾಯಿಯ ಸೇನಾ ನ್ಯಾಯಾಧೀಶರೊಬ್ಬರು, ಇದು ದಳಪತಿಯ ಅಕ್ರಮ ಪ್ರಭಾವವಾಯಿತು, ಆದ್ದರಿಂದ ತಮ್ಮ ಮುಂದಿರುವ ಇಬ್ಬರು ಆರೋಪಿಗಳಿಗೆ ಅಪರಾಧ ಸಾಬೀತಾದರೂ ಆ ಶಿಕ್ಷೆಯನ್ನು ಕೊಡುವಂತಿಲ್ಲ ಎಂದುಬಿಟ್ಟರು. ದಳಪತಿ ಮೌನವಾಗಿದ್ದರೂ ಕೇಡು, ಬಾಯಿಬಿಟ್ಟರೂ ಕೇಡು.

ನ್ಯೂಯಾರ್ಕಿನ ಸೆನೆಟರ್ ಕರ್ಸ್ಟೆನ್ ಜಿಲಿಬ್ರಾಂಡ್ ಲೇಖನಿಯನ್ನೇ ದಳಪತಿಯಿಂದ ತೆಗೆದು ಸೇನೆಯ ಕಾನೂನು ತಜ್ಞರಿಗೆ ಕೊಡುವ ಮಸೂದೆ ತಂದದ್ದು ಈ ಕಾಲದಲ್ಲಿ. ಎಲ್ಲ ದಳಗಳ ಮುಖ್ಯಸ್ಥರೂ ಒಂದೇ ಮೇಜಿನ ಮುಂದೆ ಸಾಲಾಗಿ ಕುಳಿತು ಅದನ್ನು ವಿರೋಧಿಸಿದರು. ಅವರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ತನ್ನ ಆಜ್ಞೆಯ ಮೇರೆಗೆ ಸಾಯಲು ಹೋಗುವ ಜನರ ಶಿಸ್ತಿಗೆ ದಳಪತಿ ಹೊಣೆಗಾರ. ಹೊಣೆಯನ್ನು ಉಳಿಸಿ ಅಧಿಕಾರವನ್ನು ಕಸಿದರೆ ಅವನ ಮಾತಿಗೆ ಬೆಲೆಯೆಲ್ಲಿ? ಎಂಬುದು ಅದರ ತಿರುಳು. ಆದರೆ ಈ ವಾದ ಒಂದು ಸಂಗತಿಯನ್ನು ಮರೆಯುತ್ತದೆ. ದಳದಲ್ಲಿ ಅತ್ಯಾಚಾರ ನಡೆದರೆ ಅದು ದಳಪತಿಯ ಹೆಸರಿಗೂ ಕಳಂಕ. ಆರೋಪಿ ಅನೇಕ ವೇಳೆ ಅವನು ನೆಚ್ಚಿದ ನುರಿತ ಸೈನಿಕ, ದೂರಿತ್ತವಳು ನಿನ್ನೆ ಮೊನ್ನೆ ಸೇರಿದವಳು. ಅವನು ಸಜ್ಜನನಾಗಿದ್ದರೂ ತನ್ನ ಮನೆಯ ಜಗಳಕ್ಕೆ ತಾನೇ ಪಂಚನಾದಂತೆ. 2014ರ ಮಾರ್ಚ್ 6ರಂದು ಮಸೂದೆಗೆ ಪರವಾಗಿ 55, ವಿರೋಧವಾಗಿ 45 ಮತಗಳು ಬಿದ್ದವು. ಸೆನೆಟಿನ ಪದ್ಧತಿಯಂತೆ 60 ಬೇಕಿತ್ತು. ಬಹುಮತ ಪಡೆದ ಮಸೂದೆ ಬಿದ್ದುಹೋಯಿತು.

ಇಲ್ಲಿ ಸ್ವಲ್ಪ ಅಟ್ಲಾಂಟಿಕ್ಕಿನಾಚೆ ನೋಡಬೇಕು. ಏಕೆಂದರೆ ಈ ಅಧಿಕಾರದ ತೌರುಮನೆಯಾದ ಬ್ರಿಟನ್ ಆ ವೇಳೆಗಾಗಲೇ ಅದನ್ನು ಬಿಟ್ಟುಕೊಟ್ಟಿತ್ತು. ಫಾಕ್ಲೆಂಡ್ಸ್ ಯುದ್ಧದಲ್ಲಿ ಹೋರಾಡಿದ್ದ ಫಿಂಡ್ಲೇ ಎಂಬ ಸೈನಿಕ, ಮನಸ್ಸಿನ ಸ್ವಾಸ್ಥ್ಯ ಕೆಟ್ಟು ಸಹೋದ್ಯೋಗಿಗಳಿಗೆ ಪಿಸ್ತೂಲು ತೋರಿಸಿದ್ದಕ್ಕಾಗಿ ಶಿಕ್ಷೆಗೊಳಗಾಗಿದ್ದ. ಮಂಡಳಿಯನ್ನು ನೇಮಿಸಿದವನೇ ತೀರ್ಪನ್ನೂ ಸ್ಥಿರಪಡಿಸುವುದು ನ್ಯಾಯವಲ್ಲವೆಂದು 1997ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. ಬ್ರಿಟನ್ ಅದಕ್ಕೆ ಮುಂಚೆಯೇ ಕಾಯಿದೆ ತಿದ್ದಿಕೊಂಡು, ಆರೋಪ ಹೊರಿಸುವ ಕೆಲಸವನ್ನು ಸ್ವತಂತ್ರ ಅಭಿಯೋಜಕರಿಗೆ ಒಪ್ಪಿಸಿತ್ತು. ಇದಾದದ್ದು ಆರೋಪಿಯ ಹಕ್ಕಿಗಾಗಿ, ಬಾಧಿತರಿಗಾಗಿ ಅಲ್ಲ ಎಂಬುದನ್ನು ಗಮನಿಸಬೇಕು. ಕೆನಡಾದ ಕಥೆ ತಿರುವುಮುರುವು. ಅಲ್ಲಿ ದೇಶದೊಳಗೆ ನಡೆದ ಲೈಂಗಿಕ ಹಲ್ಲೆಯ ವಿಚಾರಣೆ ಮೊದಲು ನಾಗರಿಕ ನ್ಯಾಯಾಲಯಗಳಿಗೇ ಸೇರಿತ್ತು. 1998ರ ತಿದ್ದುಪಡಿ ಅದನ್ನು ಸೇನೆಗೂ ಕೊಟ್ಟಿತು. 2015ರಲ್ಲಿ ನಿವೃತ್ತ ನ್ಯಾಯಮೂರ್ತಿ ಮಾರಿ ಡೆಷಾಂ ಸೇನೆಯೊಳಗಿನ ವಾತಾವರಣವೇ ಸ್ತ್ರೀಯರಿಗೆ ಪ್ರತಿಕೂಲವೆಂದು ವರದಿಯಿತ್ತರು. 2022ರಲ್ಲಿ ಮತ್ತೊಬ್ಬ ನಿವೃತ್ತ ನ್ಯಾಯಮೂರ್ತಿ ಲುಯೀಸ್ ಆರ್ಬರ್, 1998ರಲ್ಲಿ ಕೊಟ್ಟದ್ದನ್ನು ಹಿಂತೆಗೆದುಕೊಳ್ಳಿರೆಂದು ಶಿಫಾರಸು ಮಾಡಿದರು.

ಅಮೆರಿಕದಲ್ಲಿ ಗೋಡೆ ಕುಸಿಯಲು ಒಂದು ಸಾವು ಬೇಕಾಯಿತು. ಟೆಕ್ಸಾಸಿನ ಫೋರ್ಟ್ ಹುಡ್ ನೆಲೆಯಲ್ಲಿದ್ದ ವನೆಸ್ಸಾ ಗಿಯೆನ್ ಎಂಬ 20 ವರ್ಷದ ಯುವತಿ 2020ರ ಏಪ್ರಿಲ್ 22ರಂದು ಕಣ್ಮರೆಯಾದಳು. ಸಹಸೈನಿಕನೊಬ್ಬ ನೆಲೆಯ ಆಯುಧಶಾಲೆಯಲ್ಲೇ ಆಕೆಯನ್ನು ಕೊಂದಿದ್ದ. ಅವಶೇಷ ದೊರೆತದ್ದು ಜೂನ್ ಕೊನೆಗೆ. ಬೇರೊಬ್ಬ ಮೇಲಧಿಕಾರಿ ತನ್ನನ್ನು ಲೈಂಗಿಕವಾಗಿ ಪೀಡಿಸುತ್ತಿದ್ದನೆಂದು ಆಕೆ ಮೊದಲೇ ಹೇಳಿಕೊಂಡಿದ್ದಳು. ಆಕೆ ಹೇಳಿದ್ದು ನಿಜ, ಅಧಿಕಾರಿಗಳು ಕ್ರಮ ಕೈಗೊಳ್ಳಲಿಲ್ಲ ಎಂದು ಸೇನೆಯೇ 2021ರಲ್ಲಿ ಒಪ್ಪಿಕೊಂಡಿತು. ಸ್ವತಂತ್ರ ಸಮಿತಿಯ ವರದಿಯ ಮೇಲೆ ಆ ನೆಲೆಯ 14 ಮಂದಿ ನಾಯಕರನ್ನು ತೆಗೆದುಹಾಕಲಾಯಿತು ಇಲ್ಲವೆ ಅಮಾನತಿನಲ್ಲಿಡಲಾಯಿತು. ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷ ಜನರಲ್ ಮಾರ್ಕ್ ಮಿಲಿ, ಕಿರಿಯ ಸೈನಿಕರಿಗೆ ದಳಪತಿಗಳ ಮೇಲೆ ಈ ವಿಷಯದಲ್ಲಿ ನಂಬಿಕೆ ಉಳಿದಿಲ್ಲವೆಂದು ಒಪ್ಪಿ, ತಮ್ಮ ಹಳೆಯ ವಿರೋಧವನ್ನು 2021ರ ಮೇ ತಿಂಗಳಲ್ಲಿ ಬಿಟ್ಟುಕೊಟ್ಟರು. ಆ ಡಿಸೆಂಬರ್ 27ರಂದು ಸಹಿಯಾದ ಶಾಸನದಂತೆ, ಅತ್ಯಾಚಾರ, ಲೈಂಗಿಕ ಹಲ್ಲೆ, ಕೊಲೆ ಮೊದಲಾದ ಅಪರಾಧಗಳಲ್ಲಿ ವಿಚಾರಣೆ ನಡೆಯಬೇಕೇ ಎಂಬ ನಿರ್ಧಾರ ವಿಶೇಷ ಅಭಿಯೋಜಕರ ಕಚೇರಿಗೆ ಹೋಯಿತು. ಈ ಕಚೇರಿ ದಳಪತಿಗಳ ಸಾಲಿನಿಂದ ಹೊರಗೆ, ಆಯಾ ದಳದ ನಾಗರಿಕ ಕಾರ್ಯದರ್ಶಿಗೆ ನೇರವಾಗಿ ಉತ್ತರ ಕೊಡುತ್ತದೆ. ಹೊಸ ಪದ್ಧತಿ ಜಾರಿಗೆ ಬಂದದ್ದು 2023ರ ಡಿಸೆಂಬರ್ 28ರಂದು, ಲಾಸ್ ವೇಗಸ್ಸಿನ ಆ ಓಣಿಯಿಂದ 32 ವರ್ಷಗಳ ಮೇಲೆ. ಫೆರೆಸ್ಸಿನ ಬಾಗಿಲಿನಲ್ಲೂ ಒಂದು ಬಿರುಕು ಕಂಡಿತ್ತು: ಲೈಂಗಿಕ ಹಲ್ಲೆಯನ್ನು ಸೇವೆಯ ಸಂಬಂಧದ ಹಾನಿಯೆನ್ನಲಾಗದೆಂದು 2022ರ ಆಗಸ್ಟಿನಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಹೇಳಿತು.

ಇದರಿಂದ ಅಪರಾಧ ಇಳಿಯಿತೆಂದು ಹೇಳಲು ಕಾಲ ಇನ್ನೂ ಸಾಲದು. 2023ರ ಅಂದಾಜು ಸುಮಾರು 29,000. ಬಂದ ದೂರುಗಳು 8,515. 2012ರಲ್ಲಿ ಎಂಟು ಮಂದಿಗೆ ಒಬ್ಬರು ಬಾಯಿಬಿಡುತ್ತಿದ್ದಲ್ಲಿ ಈಗ ಮೂರೂವರೆ ಮಂದಿಗೆ ಒಬ್ಬರು ಎಂಬುದನ್ನು ಲಾಭವೆಂದು ಬರೆದುಕೊಳ್ಳಬಹುದು.

ಅದೇ ಬ್ರಿಟಿಷ್ ಬೇರಿನ ಇನ್ನೊಂದು ಕೊಂಬೆ ನಮ್ಮಲ್ಲಿದೆ. ಟ್ರೂಮನ್ ತಮ್ಮ ಸಂಹಿತೆಗೆ ಸಹಿ ಹಾಕಿದ ಹದಿನೈದು ದಿನಗಳಿಗೆ, 1950ರ ಮೇ 20ರಂದು, ನಮ್ಮ ಭೂಸೇನಾ ಕಾಯಿದೆಗೆ ಅಂಕಿತ ಬಿತ್ತು. ಶಾಂತಿಕಾಲದಲ್ಲಿ ದೇಶದೊಳಗೆ ಸೈನಿಕನು ನಾಗರಿಕ ಸ್ತ್ರೀಯ ಮೇಲೆ ಅತ್ಯಾಚಾರ ನಡೆಸಿದರೆ ಕೋರ್ಟ್ ಮಾರ್ಷಲ್ ಅವನನ್ನು ವಿಚಾರಿಸುವಂತಿಲ್ಲ, ನಾಗರಿಕ ನ್ಯಾಯಾಲಯವೇ ವಿಚಾರಿಸಬೇಕೆಂದು ಅದರ 70ನೆಯ ಸೆಕ್ಷನ್ ಹೇಳುತ್ತದೆ. ಬಾಧಿತೆ ತಾನೂ ಸೈನಿಕಳಾದರೆ ಈ ರಕ್ಷಣೆ ಇಲ್ಲ. 1950ರಲ್ಲಿ ಅದು ಬಹುಮಟ್ಟಿಗೆ ಕಾಗದದ ಮೇಲಿನ ಪ್ರಶ್ನೆಯಾಗಿತ್ತು. 1992ರ ಬಳಿಕ ಸ್ತ್ರೀಯರು ವೈದ್ಯಕೀಯೇತರ ವಿಭಾಗಗಳಲ್ಲೂ ಅಧಿಕಾರಿಗಳಾದರು. 2021ರ ಮೇ ತಿಂಗಳಲ್ಲಿ ಮಿಲಿಟರಿ ಪೊಲೀಸ್ ದಳದ ಸಾಮಾನ್ಯ ಸೈನಿಕರಾಗಿ ಹೆಣ್ಣುಮಕ್ಕಳ ಮೊದಲ ತಂಡ ನಮ್ಮ ಬೆಂಗಳೂರಿನಲ್ಲೇ ತರಬೇತಿ ಮುಗಿಸಿ ಪ್ರಮಾಣ ಸ್ವೀಕರಿಸಿತು. ಅವರೆಲ್ಲರಿಗೂ ಅನ್ವಯಿಸುವುದು ಆ 1950ರ ಪುಸ್ತಕ. ಕೋರ್ಟ್ ಮಾರ್ಷಲ್ಲಿನ ತೀರ್ಪು ಮೇಲಧಿಕಾರಿ ಸ್ಥಿರಪಡಿಸುವವರೆಗೆ ಊರ್ಜಿತವಲ್ಲ. ಒಂದು ಅಪರಾಧವನ್ನು ನಾಗರಿಕ ನ್ಯಾಯಾಲಯವೂ ಕೋರ್ಟ್ ಮಾರ್ಷಲ್ಲೂ ವಿಚಾರಿಸಬಹುದಾದಲ್ಲಿ, ಎಲ್ಲಿಗೆ ಕಳುಹಿಸಬೇಕೆಂಬುದು 125ನೆಯ ಸೆಕ್ಷನ್ನಿನ ಪ್ರಕಾರ ಸೇನಾ ವಿಭಾಗದ ದಳಪತಿಯ ವಿವೇಚನೆ. ನಾಗರಿಕ ನ್ಯಾಯಾಲಯ ಒಪ್ಪದೆ ಆರೋಪಿಯನ್ನು ತನಗೆ ಒಪ್ಪಿಸೆಂದು ಲಿಖಿತ ನೋಟೀಸು ಕೊಟ್ಟರೆ, ದಳಪತಿ ಒಂದೋ ಒಪ್ಪಿಸಬೇಕು, ಇಲ್ಲವೆ ವಿಷಯವನ್ನು ಕೇಂದ್ರ ಸರ್ಕಾರಕ್ಕೆ ಬರೆಯಬೇಕು. ಆ ಮೇಲೆ ಸರ್ಕಾರದ ಆಜ್ಞೆಯೇ ಅಂತಿಮ.